ಹುಳುಮನೆಯ ಫ್ಯಾನೂ ಸೊಸೆಯ ಕಂಪ್ಯೂಟರೂ

ಬಿಟ್ಟಿ ಕೊಡುವವರನ್ನು ನಾನು ನಂಬುವುದಿಲ್ಲ. ಬಿಟ್ಟಿ ಕೊಟ್ಟು, ಅದನ್ನು ಮಾಡುವ ವಿಧಾನವನ್ನೂ ಹೇಳಿಕೊಡುವವರನ್ನಂತೂ ಹೊಸ್ತಿಲ ಹತ್ತಿರವೂ ಸೇರಿಸುವುದಿಲ್ಲ. ನನ್ನ ಸೊಸೆ ಒಂದು ಹಳೇ ಕಂಪ್ಯೂಟರ್ ತಂದು, ಅಕ್ಷರ ಬರೆಯುವ ಎಡಿಟರನ್ನು ಅದರೊಳಗೆ ತಾನೇ ಕಟ್ಟಿಕೊಳ್ಳುತ್ತೇನೆ, ಅದರ ಮೂಲ ಕೋಡನ್ನು ಯಾರೋ ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ ಎಂದಾಗ, ಅವರಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದೆ.

"ಏನೂ ಸಿಗಲ್ಲ ಅತ್ತೆ."

"ಏನೂ ಸಿಗ್ದೆ ನಮ್ಮೂರಲ್ಲಿ ಮಜ್ಜಿಗೇನೂ ಕೊಡಲ್ಲ ಕಣೇ. ನಿಂಗೆ ಯಾರೋ ಸರಿಯಾಗೇ ಟೋಪಿ ಹಾಕವ್ರೆ."

ನಮ್ಮೂರು ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ನಡುವೆ ಇದೆ. ನಮ್ಮದು ರೇಷ್ಮೆ. ಮಗ ಊರವರ ಟೊಮ್ಯಾಟೊವನ್ನು ಗಾಡಿಯಲ್ಲಿ ಕೋಲಾರದ ಮಂಡಿಗೆ ಹೊಡೆಯುತ್ತಾನೆ, ಮನೆಯಲ್ಲಿ ಕಾಣುವುದು ಊಟದ ಹೊತ್ತಿಗೆ. ಸೊಸೆ ಮಾಲೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಕತ್ತಲಲ್ಲಿ ಬಸ್ಸು ಹತ್ತಿ ಕತ್ತಲಲ್ಲಿ ಇಳಿಯುತ್ತಿದ್ದಳು. ಈ ಸಲದ ಹುಳುವಿಗೆಂದು ರಜೆ ಹಾಕಿದ್ದಳು. ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನ ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಇತ್ತ ಮುಳಬಾಗಿಲಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನವರು ಮನೆಯಲ್ಲೇ ಟೈಪ್ ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದರು. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ. ನಮ್ಮ ಕಡೆ ಅರ್ಧ ಜನಕ್ಕೆ ಕನ್ನಡ ಬೇಕು, ಅರ್ಧ ಜನಕ್ಕೆ ತೆಲುಗು. ಎರಡನ್ನೂ ಟೈಪ್ ಮಾಡಿದ ಒಂದು ಹಾಳೆಯನ್ನು ಭಾನುವಾರದೊಳಗೆ ಕಳಿಸಬೇಕು. ಕಳಿಸಿದರೆ ಸೊಸೆ ಮನೆಯಲ್ಲಿ, ಇಲ್ಲದಿದ್ದರೆ ಮಾಲೂರಿನ ಬಸ್ಸಿನಲ್ಲಿ.

ನನಗೆ ಅವಳು ಮನೆಯಲ್ಲಿರಬೇಕಿತ್ತು. ಪ್ರೀತಿಗಲ್ಲ. ಹುಳು ಮೇಯಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ, ನನ್ನ ಮಂಡಿ ಈಗ ಮೇಲಿನ ತಟ್ಟೆಗಳಿಗೆ ಏಣಿ ಹತ್ತುವುದಿಲ್ಲ. ಆದರೆ ಅವಳಿಗೆ ಮನೆಯಲ್ಲಿರುವ ಮನಸ್ಸಿದೆಯೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಮಾಲೂರಿನ ಗೆಳತಿಯರ ಫೋನು ಬಂದರೆ ಅವಳು ನಗುವ ನಗು ನಮ್ಮ ಮುಂದೆ ಎಂದೂ ನಗುವುದಿಲ್ಲ. ಈ ಕಂಪ್ಯೂಟರ್ ಒಂದು ನೆಪ, ಇದು ಕೆಟ್ಟಿತು ಅಂತ ಹೇಳಿ ಬಸ್ಸು ಹತ್ತುತ್ತಾಳೆ ಎಂದುಕೊಂಡೆ.

ಕಂಪ್ಯೂಟರ್ ಮಾರಿದವರು ಮುಳಬಾಗಿಲಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಸಾಬರು. ತರುವ ದಿನ ನಾನೂ ಹೋಗಿದ್ದೆ, ಮೋಸ ಆಗದಿರಲಿ ಎಂದು.

"ಗಟ್ಟಿ ಮಾಲ್ ಅಮ್ಮಾ. ವಯಸ್ಸಾಗಿದೆ ಅಷ್ಟೇ, ನಿಮ್ಮಂಗೆ," ಎಂದರು.

"ನನ್ನಂಗಿದ್ರೆ ಬಯ್ಬೇಕಲ್ಲ. ಬಯ್ಯುತ್ತಾ?"

"ಕೆಲ್ಸ ಕೊಟ್ ನೋಡಿ, ಕಿರುಚ್ತದೆ."

ಅವರು ಹೇಳಿದ್ದು ಸುಳ್ಳಲ್ಲ. ಮನೆಗೆ ತಂದು ಸೊಸೆ ಏನೋ ಒತ್ತಿದಳು, ಪೆಟ್ಟಿಗೆ ಗುಂಯ್ ಎಂದು ಕಿರುಚಿತು, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಮೇಲಕ್ಕೆ ಓಡತೊಡಗಿದವು. ಅವಳ ಕೈ ಮಡಿಲಲ್ಲಿತ್ತು. ಯಾರೂ ಮುಟ್ಟದೆ ಅಕ್ಷರ ಬರುತ್ತಿತ್ತು.

"ಯಾರೇ ಬರೀತಿರೋದು?"

"ಯಾರೂ ಬರೀತಿಲ್ಲ ಅತ್ತೆ. ಕಂಪೈಲ್ ಆಗ್ತಿದೆ, ಅಂದ್ರೆ ಆ ಎಡಿಟರ್ ತಯಾರಾಗ್ತಿದೆ. ಅಂಗ್ಡೀಲಿ ಸಿಗೋ ಹಿಟ್ಟು ಈ ಹಳೇ ಮಿಷಿನ್ನಿಗೆ ಒಗ್ಗಲ್ಲ. ಅದ್ಕೆ ರಾಗಿ ತಂದು ಇಲ್ಲೇ ಬೀಸ್ತಿದೀನಿ ಅನ್ಕೊಳಿ. ಇದೆಲ್ಲಾ ಬೀಸೋ ಸದ್ದು."

"ರಾಗಿ ಕಣ್ಣಿಗೆ ಕಾಣ್ತದೆ," ಎಂದು ನಾನು ಹುಳುಮನೆಗೆ ಹೋದೆ.

ಅಂದು ಮಧ್ಯಾಹ್ನ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವಷ್ಟರಲ್ಲಿ ಪರದೆ ಆರಿಹೋಗಿತ್ತು. ಕರೆಂಟು ಇತ್ತು, ಬಲ್ಬು ಉರಿಯುತ್ತಿತ್ತು. ಮನೆಯಲ್ಲಿ ಇದ್ದವಳು ನಾನೊಬ್ಬಳೇ.

"ನೀವು ಆರ್ಸಿದ್ರಾ?"

"ನಾನ್ಯಾಕೆ ಆರಿಸ್ಲಿ?"

ಮತ್ತೆ ಮೊದಲಿಂದ ಶುರು ಮಾಡಿದಳು. ಅರ್ಧಕ್ಕೆ ನಿಂತದ್ದನ್ನು ನಂಬುವ ಹಾಗಿಲ್ಲವಂತೆ. ಮಾರನೆಯ ದಿನವೂ ಹಾಗೆಯೇ ಆಯಿತು. ಈ ಸಲ ಅವಳು ಕೇಳಲಿಲ್ಲ, ನೋಡಿದಳು. ಆ ನೋಟ ನನಗೆ ಗೊತ್ತು. ಹಾಲಿಗೆ ನೀರು ಬೆರೆಸಿದವರನ್ನು ಡೇರಿಯ ಮುಂದೆ ಹಾಗೆ ನೋಡುತ್ತಾರೆ.

ನನಗೆ ಕೋಪ ಬಂದರೆ ಬಾಯಿಗೆ ತೆಲುಗು ಬರುತ್ತದೆ. "ನೇನೆಂದುಕು ಆಪ್ತಾನು? ನಾನ್ಯಾಕೆ ನಿಲ್ಲಿಸ್ಲಿ? ನೀನ್ ಮನೇಲಿರ್ಲಿ ಅಂತ ಕಾಯ್ತಿರೋಳು ನಾನು. ಹೋಗ್ಬೇಕು ಅಂತ ಇರೋಳು ನೀನು. ನೀನೇ ಆರ್ಸಿ ನನ್ ತಲೆಗೆ ಕಟ್ತಿದೀಯೇನೋ."

"ಶೆಖೆ ಆಗ್ತದೆ, ಕರೆಂಟ್ ತಿಂತದೆ ಅಂತ ಬೆಳಗಿಂದ ಗೊಣಗ್ತಿರೋರು ಯಾರು?"

ಅದು ನಿಜ. ಗೊಣಗಿದ್ದೆ. ಆದರೆ ಗೊಣಗುವುದು ಬೇರೆ, ಆರಿಸುವುದು ಬೇರೆ.

ಮೂರನೆಯ ದಿನ ಅವಳು ಮಾಡಿದ ಕೆಲಸ ನನಗೆ ಈಗಲೂ ನುಂಗಲಾಗಿಲ್ಲ. ಕಂಪ್ಯೂಟರ್ ಶುರು ಮಾಡಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಪ್ಪಿಗೆ ಹೋದಳು. ನನ್ನ ಮಾವ ಕಟ್ಟಿಸಿದ ಮನೆಯಲ್ಲಿ ನನಗೆ ಬೀಗ. ನಾನು ಬಾಗಿಲ ಎದುರಿಗೇ ಚಾಪೆ ಹಾಕಿ ಕೂತೆ. ಒಳಗೆ ಗುಂಯ್ ಎನ್ನುತ್ತಿದ್ದದ್ದು ಬಿಸಿಲೇರಿದ ಮೇಲೆ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ನನಗೆ ಇಷ್ಟು ಸಂತೋಷ ಆಗಿ ಎಷ್ಟು ಕಾಲವಾಗಿತ್ತೋ.

ಅವಳು ಬಂದು ಬೀಗ ತೆಗೆದಳು. ಪರದೆ ಕಪ್ಪು.

"ಈಗ ಯಾರನ್ನ ಹಿಡೀತೀಯ? ಹಲ್ಲೀನಾ?"

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ತಟ್ಟನೆ ಎಳೆದುಕೊಂಡಳು. ಸಾಬರಿಗೆ ಫೋನು ಮಾಡಿದಳು, ನನಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದಳು.

"ಬಿಸಿ ಆದ್ರೆ ಅದೇ ಆರ್ಕೊಳ್ತದಮ್ಮಾ, ಸುಟ್ಟೋಗ್ಬಾರ್ದು ಅಂತ. ಕಂಪೈಲ್ ಕೆಲ್ಸ ಜಾಸ್ತಿ ಅಲ್ವಾ. ಮಗ್ಗುಲು ಬಿಚ್ಚಿ ಧೂಳು ತೆಗೀರಿ. ದೊಡ್ಡ ಫ್ಯಾನ್ ಇಟ್ಟು ಓಡ್ಸಿ."

ಬಿಚ್ಚಿದರೆ ಒಳಗೆ ಕಂಬಳಿಯ ಹಾಗೆ ಧೂಳು. ನನ್ನ ಮೇಲೆ ಅನುಮಾನ ಪಟ್ಟದ್ದಕ್ಕೆ ಅವಳು ತಪ್ಪಾಯಿತು ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅವಳು ಕೇಳಿದ್ದು ಬೇರೆ.

"ಅತ್ತೆ, ಹುಳುಮನೆ ಫ್ಯಾನ್ ಕೊಡ್ತೀರಾ?"

ನಮ್ಮ ಮನೆಗಿರುವುದು ಒಂದೇ ನಿಲ್ಲುವ ಫ್ಯಾನು, ಅದು ಹುಳುವಿನದು. ಮನುಷ್ಯರು ಬೀಸಣಿಗೆಯಲ್ಲಿ ಬದುಕುತ್ತೇವೆ. ಅಂದು ಶನಿವಾರ. ಹುಳು ನಾಲ್ಕನೇ ಜ್ವರಕ್ಕೆ ಕೂರುತ್ತಿದ್ದವು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪೂ ಬೇಡ, ಜೋರು ಗಾಳಿಯೂ ಬೇಡ. ಎದ್ದ ಮೇಲೆ ಮಾತ್ರ ರಾಕ್ಷಸ ಹಸಿವು, ರಾಕ್ಷಸ ಶೆಖೆ. ಆಗ ತಗಡಿನ ಸೂರಿನಡಿ ಗಾಳಿಯಾಡದಿದ್ದರೆ ರೋಗ ಬಂದು ಇಡೀ ಬೆಳೆ ತಿಪ್ಪೆಗೆ.

"ಜ್ವರ ಏಳೋ ತನಕ ತಗೋ. ಎದ್ದ ಕೂಡ್ಲೆ ಕಿತ್ಕೊಂಡ್ ಹೋಗ್ತೀನಿ. ಆಮೇಲೆ ಅಳ್ಬೇಡ."

"ನಾನ್ಯಾವತ್ತು ಅತ್ತಿದೀನಿ?"

ಭಾನುವಾರ ಬೆಳಕು ಹರಿಯುವ ಮುಂಚೆಯೇ ಶುರು ಮಾಡಿದಳು. ತಂಪು ಹೊತ್ತು, ಮಗ್ಗುಲು ಬಿಚ್ಚಿದ ಪೆಟ್ಟಿಗೆ, ಎದುರಿಗೆ ಫ್ಯಾನು. ಸಾಲುಗಳು ಓಡಿದವು. ಬಿಸಿಲೇರಿದರೂ ನಿಲ್ಲಲಿಲ್ಲ. ನಾನು ಹುಳುಮನೆಗೂ ಕೋಣೆಗೂ ಓಡಾಡುತ್ತ, ಅಲ್ಲಿ ಹುಳು ಎದ್ದವೋ, ಇಲ್ಲಿ ಇವಳು ಏನಾದರೂ ಒತ್ತಿ ಆರಿಸುತ್ತಾಳೋ ಎಂದು ಎರಡನ್ನೂ ಕಾದೆ.

ಮಧ್ಯಾಹ್ನ ತಟ್ಟೆಗಳಲ್ಲಿ ಹುಳು ಎದ್ದವು. ಮೈ ಬೂದಿ ಬಣ್ಣ, ಬಾಯಿ ಅತ್ತಿತ್ತ ಹುಡುಕುತ್ತಿತ್ತು. ನಾನು ಕೋಣೆಗೆ ಹೋಗಿ ಫ್ಯಾನಿನ ಪ್ಲಗ್ಗು ಕಿತ್ತೆ. ಹೇಳಿದ ಮಾತು ಹೇಳಿದ್ದೇ.

"ಇನ್ನು ಸ್ವಲ್ಪವೇ ಇದೆ ಅತ್ತೆ."

"ಹುಳೂಗೆ ಹೇಳು ಹೋಗಿ."

ಫ್ಯಾನು ಹೊತ್ತುಕೊಂಡು ಹೋಗಿ ಹುಳುವಿಗೆ ಹಾಕಿದೆ. ಸೊಪ್ಪಿಗೆ ಅವಳನ್ನು ಕರೆಯಲೆಂದು ವಾಪಸ್ಸು ಬಂದವಳು ಬಾಗಿಲಲ್ಲೇ ನಿಂತೆ. ಅವಳು ಮೊರ ಹಿಡಿದು ಪೆಟ್ಟಿಗೆಗೆ ಬೀಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ, ರಾಗಿ ತೂರುವವರ ಹಾಗೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಪರದೆಯ ಮೇಲಿತ್ತು, ನನ್ನನ್ನು ನೋಡಲಿಲ್ಲ. ಬಸ್ಸು ಹತ್ತುವ ಮನಸ್ಸಿದ್ದವಳು ಸುಮ್ಮನೆ ಕೂತಿದ್ದರೆ ಸಾಕಿತ್ತು, ಅದು ತಾನೇ ಆರಿಹೋಗುತ್ತಿತ್ತು.

ನಾನು ಕರೆಯಲಿಲ್ಲ. ಸೊಪ್ಪಿನ ಹೊರೆ ಒಬ್ಬಳೇ ಎಳೆದು, ಏಣಿಯನ್ನೂ ಹತ್ತಿ, ಮೇಲಿನ ತಟ್ಟೆಯಿಂದ ಕೆಳಗಿನ ತನಕ ಹಾಸಿದೆ. ಮಂಡಿ ಶಾಪ ಹಾಕಿತು. ಹುಳು ಸೊಪ್ಪು ತಿನ್ನುವ, ಜಿನುಗು ಮಳೆಯಂಥ ಸದ್ದು ಏಳುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಮೊರ ಇನ್ನೂ ಕೈಯಲ್ಲಿತ್ತು.

"ಆಯ್ತು," ಎಂದಳು.

ಹೋಗಿ ನೋಡಿದೆ. ಖಾಲಿ ಪರದೆ, ಮೂಲೆಯಲ್ಲಿ ಒಂದು ಗೀಟು ಮಿಣುಕುತ್ತಿತ್ತು. ಇಷ್ಟಕ್ಕೇನಾ ಎಂದೆ. ಅವಳು ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು ಹೊಡೆದು ತೋರಿಸಿದಳು. ನಾಲ್ಕನೇ ಕ್ಲಾಸಿಗೆ ಬಿಟ್ಟವಳಾದರೂ ಎರಡನ್ನೂ ಓದಿದೆ. ಒತ್ತು ಸರಿಯಾಗಿ ಕೂತಿತ್ತು. ಸಂಜೆಗೆ ಹಾಳೆ ಪ್ರೆಸ್ಸಿಗೆ ಹೋಯಿತು, ನಾಳೆಯಿಂದಲೇ ಕೆಲಸ ಕಳಿಸುತ್ತೇವೆ ಎಂದು ಅವರು ಹೇಳಿದರಂತೆ. ಅವರು ಹೇಳಿದ್ದನ್ನು ನಾನು ಕೇಳಿಲ್ಲ, ಇವಳು ಹೇಳಿದ್ದು.

ಅದಕ್ಕೇ, ದೀಪ ಹಚ್ಚುವ ಹೊತ್ತಿಗೆ ಅವಳು ಫೋನು ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಹೋದಾಗ ನಾನು ಗೋಡೆಯ ಈಚೆ ಬಂದು ನಿಂತೆ. ಮಾಲೂರಿನವರಿಗೆ ಮುಂದಿನ ತಿಂಗಳು ಬರುತ್ತೇನೆ ಎನ್ನುತ್ತಾಳೆ, ಜಾಗ ಇಟ್ಟಿರಿ ಎನ್ನುತ್ತಾಳೆ ಎಂದು ಕಾದೆ.

"ಇಲ್ಲ ಸಾರ್, ಬೇರೆಯೋರನ್ನ ತಗೊಳ್ಳಿ," ಎನ್ನುತ್ತಿದ್ದಳು. "ಇಲ್ಲ, ನಮ್ಮತ್ತೆ ಬೇಡ ಅಂದಿದ್ದಕ್ಕಲ್ಲ. ನಾನೇ ಬರಲ್ಲ."

ಗೋಡೆ ಸುತ್ತಿ ಬಂದವಳು ನನ್ನನ್ನು ನೋಡಿ ನಿಂತಳು.

"ಕೇಳ್ಸ್ತಾ?"

"ಪೂರ್ತಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಹೋಗಲ್ಲ ಅಂದೆ. ಬನ್ನಿ, ರಾತ್ರಿ ಸೊಪ್ಪು ಹಾಕ್ಬೇಕು."