ಗಂಧರಾಜದ ಬುಡಕ್ಕೆ ಪೂಜೆಯ ನೀರು

ಸಿದ್ಧಾರ್ಥನಗರದ ನಮ್ಮ ಮನೆಯಂಗಳದಲ್ಲಿ ಗಂಧರಾಜದ ಗಿಡ ನೆಡಿಸಿದವರು ನನ್ನ ಅತ್ತೆ. ಲಿಂಗಪೂಜೆಗೆ ಕೊಂಡ ಹೂವು ಬೇಡ, ಮನೆಯದೇ ಬೇಕು ಎಂದು ಅವರಿಗೆ ಆಸೆ. ಗಿಡ ಮಾತ್ರ ಮೊಂಡು ಹಿಡಿದಿತ್ತು. ಎಲೆಯ ನರಗಳಷ್ಟೇ ಹಸಿರು, ಮಿಕ್ಕದ್ದೆಲ್ಲ ಹಳದಿ. ಬಿಟ್ಟ ಮೊಗ್ಗೂ ಅರಳದೆ ಉದುರುತ್ತಿತ್ತು. ಕಳೆದ ಬೇಸಿಗೆಯಲ್ಲಂತೂ ಅದು ಉಳಿಯುವುದಿಲ್ಲ ಅನ್ನಿಸಿ ಅತ್ತೆ ಸಪ್ಪಗಾದರು.

ನಾನು ಸುಮ್ಮನಿರುವವಳಲ್ಲ. ಲಷ್ಕರ್ ಮೊಹಲ್ಲಾದ ಗೊಬ್ಬರದಂಗಡಿಯಿಂದ ಬೇವಿನ ಹಿಂಡಿ ತಂದು ಸುರಿದೆ, ಸಗಣಿ ಗೊಬ್ಬರ ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಓದಿದೆ: ಗಂಧರಾಜಕ್ಕೆ ಹುಳಿ ಮಣ್ಣು ಬೇಕು, ಇಲ್ಲದಿದ್ದರೆ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಬುಡದ ಮಣ್ಣಿಗೆ ಒಂದು ಚಮಚ ವಿನೆಗರ್ ಹಾಕಿದೆ. ಬುಸಬುಸನೆ ನೊರೆ ಬಂತು. ಸುಣ್ಣದಂಶ! ಮಣ್ಣಿನ ಹುಳಿ ಕೊಲ್ಲುವುದೇ ಅದು. ಬೋರ್‌ವೆಲ್ ನೀರಿನದು ಒಂದಿಷ್ಟು ಇರಬಹುದು, ಆದರೆ ಬುಡದಲ್ಲೇ ಇಷ್ಟೇಕೆ?

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಿದ್ದಾಗ ಉತ್ತರ ಕಣ್ಣೆದುರೇ ನಡೆಯಿತು. ಅತ್ತೆ ಪೂಜೆ ಮುಗಿಸಿ, ವಿಭೂತಿ ಬಟ್ಟಲು ತೊಳೆದ ನೀರನ್ನು ಗಂಧರಾಜದ ಬುಡಕ್ಕೆ ಹಾಕಿದರು. ಆ ನೀರನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು, ದಿನವೂ ಅದೇ ಸುಣ್ಣದಂಶದ ಬೂದಿ ನೀರು.

ಹೇಗೆ ಹೇಳುವುದೋ ತಿಳಿಯದೆ ಒದ್ದಾಡಿದೆ. ನನ್ನ ನಾಲಿಗೆ ಎಲ್ಲಿ ನಿಲ್ಲುತ್ತದೆ? ಊಟದ ಹೊತ್ತಿನಲ್ಲೇ ಹೇಳಿಬಿಟ್ಟೆ.

"ಶಿವನ ನೀರಿಗೆ ಗಿಡ ಸಾಯ್ತದಾ? ಎಂಥಾ ಮಾತು ಆಡ್ತೀಯ ಕಣಮ್ಮ!" ಎಂದು ಅತ್ತೆ ತಟ್ಟೆ ಬಿಟ್ಟು ಎದ್ದರು.

ನನ್ನ ಕೆಲಸ ನಾನು ಮಾಡಿದೆ. ಮೇಲ್ಮಣ್ಣು ಕೆರೆದು ತೆಗೆದು ತೆಂಗಿನ ನಾರಿನ ಪುಡಿ, ಕೊಳೆತ ಎಲೆ, ಮಣ್ಣಿಗೆ ಹುಳಿ ಬರಲೆಂದು ಸ್ವಲ್ಪ ಗಂಧಕದ ಪುಡಿ ಬೆರೆಸಿದೆ. ಗೊಬ್ಬರವಾಗಿ ಚೂರೇ ಚೂರು ಅಮೋನಿಯಂ ಸಲ್ಫೇಟ್ ಕೊಟ್ಟೆ. ತಾರಸಿಯ ಮಳೆನೀರನ್ನು ಡ್ರಮ್ಮಿಗೆ ಹಿಡಿದೆ. ಆದರೆ ಅತ್ತೆಯ ಬಟ್ಟಲು ನಿಲ್ಲದಿದ್ದರೆ ಇದೆಲ್ಲ ದಂಡ.

ಒಂದು ಬೆಳಿಗ್ಗೆ ಅತ್ತೆ ಬಟ್ಟಲು ಹಿಡಿದು ಗಂಧರಾಜದ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಕಾಂಪೌಂಡಿನ ಪಕ್ಕದ ಬಿಲ್ವದ ಬುಡಕ್ಕೆ ಹೋಗಿ ನೀರು ಸುರಿದರು.

"ಏನು ನೋಡ್ತಾ ನಿಂತಿದ್ದೀಯ? ಶಿವಂಗೆ ಯಾವ ಗಿಡದ ಬುಡ ಆದ್ರೂ ಒಂದೇ. ಗಿಡಕ್ಕೆ ಒಂದೇ ಅಲ್ವಂತಲ್ಲ, ಬುಡು."

ಗಂಧಕ ನಿಧಾನದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಎಲೆಗಳು ಹಸಿರಾಗಿ ಬಂದವು. ಈ ವರ್ಷ ಯುಗಾದಿ ಕಳೆದ ಮೇಲೆ ಮೊದಲ ಹೂವು ಅರಳಿತು. ಅತ್ತೆ ಕಿತ್ತರು. ನಾನು ಪೂಜೆಯ ತಟ್ಟೆ ಚಾಚಿದೆ.

"ಆ ಕಡೆ ತಿರುಗು," ಎಂದು ಹೂವನ್ನು ನನ್ನ ಮುಡಿಗೆ ಸಿಕ್ಕಿಸಿದರು. ದೇವರಿಗಿಂತ ಮೊದಲು ಈ ಮನೆಯಲ್ಲಿ ಯಾರೂ ಹೂ ಮುಡಿದದ್ದಿಲ್ಲ.

"ಅತ್ತೆ, ದೇವರಿಗೆ?"

"ಅವನಿಗೆ ನಾಳೆ ಆಯ್ತದೆ. ಮೊಗ್ಗು ಇನ್ನೂ ಅವೆ."

ನಾನು ಖಾಲಿ ತಟ್ಟೆ ಕೆಳಗಿಟ್ಟು, ಡ್ರಮ್ಮಿನಿಂದ ಒಂದು ಚೊಂಬು ನೀರು ಮೊಗೆದು ಗಂಧರಾಜದ ಬುಡಕ್ಕೆ ಹಾಕಿದೆ.