ಮಾಯವ್ವನ ಅಂಗಳದ ವಿಲಾಯತಿ ಕಾರು

ಬೀಳಗಿ ಕಡೆಯ ಮುಳುಗಡೆ ಸಂತ್ರಸ್ತರ ಪುನರ್ವಸತಿ ಕೇಂದ್ರವೊಂದರಲ್ಲಿ, ತಗಡಿನ ಮನೆಯ ಮುಂದೆ, ಎರಡೇ ಸೀಟಿನ ಹಳೆಯ ವಿಲಾಯತಿ ಕಾರು ನಿಂತಿತ್ತು. ಮೇಲೆ ಟಪ್ಪಿಲ್ಲ, ಕೆಂಪು ಬಣ್ಣ ಅರ್ಧ ಹೋಗಿತ್ತು. ಒಡೆಯ ಹೊಳೆಪ್ಪ, ಕುರಿ ಕಾಯುವ ಮನೆತನದವನು. ನೋಡಿದವರು ಮೊದಲು ಕೇಳುತ್ತಿದ್ದದ್ದು ‘ಎಲ್ಲಿ ಕದ್ದಿ?’ ಎಂದೇ. ಬಡವನ ಅಂಗಳದಲ್ಲಿ ಚಂದದ ವಸ್ತು ಕಂಡರೆ ನಮಗೆ ಬೇರೆ ಪ್ರಶ್ನೆ ಹೊಳೆಯುವುದಿಲ್ಲ.

ಕದ್ದದ್ದಲ್ಲ. ಹಳೆಯ ಊರಲ್ಲಿ ಅದು ಸಾಹುಕಾರರ ಕಾರು. ವರ್ಷಗಟ್ಟಲೆ ತೊಳೆದವನು ಹೊಳೆಪ್ಪ, ಓಡಿಸಿದವರು ಅವರು. ಆಲಮಟ್ಟಿಯ ಹಿನ್ನೀರು ಊರೊಳಗೆ ಬಂದಾಗ ಸಾಹುಕಾರರು ಪುಣೆ ಸೇರಿದರು. ಕೆಟ್ಟು ನಿಂತ ಕಾರನ್ನು ತೋರಿಸಿ, ‘ಬೇಕಾದ್ರ ನೀನ ಇಟ್ಕೋ’ ಅಂದರು. ಹೊಳೆಪ್ಪ ಎತ್ತು ಕಟ್ಟಿ ಎಳೆದು ತಂದ. ತಾನೇ ಬಿಚ್ಚಿ, ತಾನೇ ಜೋಡಿಸಿ ಚಾಲೂ ಮಾಡಿದ. ಆಮೇಲೆ ಅಮಾವಾಸ್ಯೆಗೊಮ್ಮೆ ಹೆಂಡತಿ ಮಾಯವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೀರಪ್ಪನ ಗುಡಿಗೆ ಹೋಗಿಬರುತ್ತಿದ್ದ. ಬದುಕಿನಲ್ಲಿ ಅವನು ಮಾಡಿದ ದೌಲತ್ತು ಅಷ್ಟೇ.

ಮಾಯವ್ವ ಉಣ್ಣೆ ನೂತು ಕಂಬಳಿಯ ಹಾಸು ಹಾಕುವವಳು. ನೇಯುವ ಮೊದಲು ನೂಲನ್ನು ಉದ್ದಕ್ಕೆ ಬಿಗಿದು, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಅದಕ್ಕೆ ನೇರವಾದ ಉದ್ದನೆಯ ನೆಲ ಬೇಕು. ಹಳೆಯ ಊರಲ್ಲಿ ಇಡೀ ಓಣಿ ಅವಳದು. ಪರಿಹಾರ ಕೊಡಲು ಬಂದವರು ಗೋಡೆ ಅಳೆದರು, ಬಾವಿ ಅಳೆದರು, ಬೇವಿನ ಗಿಡ ಎಣಿಸಿದರು. ಓಣಿ ಯಾರದೂ ಅಲ್ಲವಂತೆ, ಅದನ್ನು ಬಿಟ್ಟರು. ಹೆಂಗಸೊಬ್ಬಳ ಕಸುಬು ಮುಳುಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಹೊಸ ಜಾಗದಲ್ಲಿ ರಸ್ತೆಯ ಮೇಲೆ ಹಾಸು ಹಾಕಿದರೆ ಕಬ್ಬಿನ ಟ್ರ್ಯಾಕ್ಟರ್ ಮೇಲೆಯೇ ಹಾಯುತ್ತಿತ್ತು. ಉಳಿದದ್ದು ಅಂಗಳ. ಅಂಗಳದಲ್ಲಿ ಕಾರು. ಕಾರಿನಡಿ ಎಣ್ಣೆ.

ಹಾಸು ಹಾಕುವ ದಿನ ಕಾರನ್ನು ಹೊರಗೆ ತಳ್ಳಬಹುದು. ಎಣ್ಣೆ ಕುಡಿದ ನೆಲವನ್ನು ಎಲ್ಲಿಗೆ ತಳ್ಳುವುದು? ಒಂದು ವರ್ಷ ಬೀರಪ್ಪನ ಗದ್ದುಗೆಗೆ ಕೊಟ್ಟ ಕಂಬಳಿಯ ಬಿಳಿ ಪಟ್ಟಿಯಲ್ಲಿ ಕರೀ ಕಲೆ ಕಂಡಿತು. ಪೂಜಾರಿ ವಾಪಸು ಕಳಿಸಿದ. ಮಾಯವ್ವ ಅಳಲಿಲ್ಲ, ಬೈಯಲಿಲ್ಲ. ಮುಂದಿನ ವರ್ಷದ ಮಾತು ಮಾತ್ರ ಆಡಿದಳು.

“ದೀಪಾವಳಿಗೆ ಮತ್ತ ಹಾಸು ಹಾಕ್ತೀನಿ. ಅಷ್ಟರಾಗ ಸೋರೂದು ನಿಂತ್ರ ನಿಮ್ಮ ಗಾಡಿ ಇರ್ತೈತಿ. ಇಲ್ಲಂದ್ರ ಬನಹಟ್ಟಿ ಗುಜರಿಯವ ಬರ್ತಾನ.”

“ನಿನ್ನ ತವರಿನ ಎಮ್ಮಿ ಏನ ಅದು, ಮಾರಾಕ?”

“ಎಮ್ಮಿ ಆಗಿದ್ರ ಹಾಲರೆ ಸೋರ್ತಿತ್ತು.”

ಹೊಳೆಪ್ಪ ಕಾರಿನಡಿ ಸೇರಿದ. ಎಣ್ಣೆ ಎಂಜಿನ್ನಿನ ತಳದಿಂದ ತೊಟ್ಟಿಕ್ಕುತ್ತಿತ್ತು, ಆದ್ದರಿಂದ ತಳದ್ದೇ ತಪ್ಪು ಎಂದು ತಿಳಿದ. ಎಣ್ಣೆ ಚೇಂಬರ್ ಇಳಿಸಿ ಕಾರ್ಕ್ ಹಾಳೆ ಕತ್ತರಿಸಿ ಹೊಸ ಪ್ಯಾಕಿಂಗ್ ಹಾಕಿದ. ಸೋರಿತು. ಮತ್ತೆ ಇಳಿಸಿದ, ಮತ್ತೆ ಹಾಕಿದ. ಸಿಟ್ಟು ಬಂದಾಗಲೆಲ್ಲ ಎಂಜಿನ್ನಿನ ಕಂಡ ಕಂಡ ಬೋಲ್ಟನ್ನೆಲ್ಲ ಇನ್ನಷ್ಟು ಬಿಗಿದ. ಮುಧೋಳದಲ್ಲಿ ಗ್ಯಾರೇಜಿಟ್ಟ ದಶರಥ, ಮಾಯವ್ವನ ಅಣ್ಣನ ಮಗ, ಬಂದು ಬಗ್ಗಿ ನೋಡಿ ನಕ್ಕ.

“ಮಾಮಾ, ಇದು ಕಾರಲ್ಲ, ಗಾಣ. ಅಡಿಗೆ ಒಂದು ಕೊಡ ಇಡು, ಅತ್ತಿ ಭಜಿ ಕರೀಲಿ.”

ದಸರೆಯ ಖಂಡೆ ಪೂಜೆಯ ದಿನ ಹೊಳೆಪ್ಪ ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಕಾರಿನ ಬಾನೆಟ್ ತೆರೆದಿಟ್ಟ. ಅವನು ಕಾಯಿ ಒಡೆಯುವಷ್ಟರಲ್ಲಿ ಮಾಯವ್ವ ಭಂಡಾರದ ಚೀಲಕ್ಕೆ ಕೈ ಹಾಕಿ, ಬೀರಪ್ಪನ ಹೆಸರು ಹೇಳಿ, ಬೊಗಸೆ ಬೊಗಸೆ ಅರಿಷಿಣ ಎಂಜಿನ್ನಿನ ಮೇಲೆಯೇ ತೂರಿದಳು.

“ಏ, ಮಶೀನ್ ಒಳಗ್ಯಾಕ!”

“ಕುರಿಗೆ ಹಾಕ್ತೀರಿ, ಕೋಲಿಗೆ ಹಾಕ್ತೀರಿ. ಇದೇನ ಹೆಚ್ಚಿಂದು?”

ಲಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಬೇಕೆಂದು ಹೊಳೆಪ್ಪ ಎಂಜಿನ್ ಚಾಲೂ ಮಾಡಿದ. ಅದು ಕಾದ ಮೇಲೆ ಅರಿಷಿಣ ಒರೆಸಲು ಬಗ್ಗಿದವನು ಕೈ ತಡೆದ. ಹಳದಿಯ ನಡುವೆ ಎಣ್ಣೆ ಹೀರಿ ಹಸಿಯಾದ ಕಂದು ಗೆರೆ. ಅದು ತಳದಲ್ಲಿ ಹುಟ್ಟಿರಲಿಲ್ಲ. ಎಂಜಿನ್ನಿನ ನೆತ್ತಿಯ ತಗಡಿನ ಮುಚ್ಚಳದಿಂದ ಹೊರಟು, ಹಿಂದಿನ ಬೆನ್ನಗುಂಟ ಕದ್ದು ಇಳಿದು, ಚೇಂಬರಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು.

ಮುಚ್ಚಳ ಬಿಚ್ಚಿದ. ಅದರ ಹಿಂದಿನ ಅಂಚು ಬಾಗಿತ್ತು. ಬಾಗಿಸಿದವನು ಅವನೇ. ಬಿಗಿದಷ್ಟೂ ತಗಡು ಬಾಗಿ, ಬಾಗಿದಷ್ಟೂ ಸೋರಿ, ಸೋರಿದಷ್ಟೂ ಅವನು ಬಿಗಿದಿದ್ದ. ಅಂಚನ್ನು ರುಬ್ಬುವ ಕಲ್ಲಿನ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಮೆತ್ತಗೆ ಬಡಿದು ಸಮ ಮಾಡಿದ. ಹೊಸ ಪ್ಯಾಕಿಂಗ್ ಇಟ್ಟು, ಈ ಸಲ ಹಗುರ ಕೈಯಿಂದ ಬಿಗಿದು, ಗುಡಿಯ ತನಕ ಓಡಿಸಿಕೊಂಡು ಬಂದ.

ಮಾಯವ್ವ ನಂಬಲಿಲ್ಲ. ರಾತ್ರಿ ಬಿಳಿ ಉಣ್ಣೆಯನ್ನು ಕಾರಿನಡಿ ಹರವಿ, ಒಳಗೆ ಹೋಗಿ ಮಲಗಿದಳು. ಬೆಳಿಗ್ಗೆ ಎತ್ತಿ ಬಿಸಿಲಿಗೆ ಹಿಡಿದು, ತಿರುವಿ ನೋಡಿ, ನೂಲುವ ಬುಟ್ಟಿಗೆ ಹಾಕಿದಳು. ಹೊಳೆಪ್ಪ ಎಣ್ಣೆ ಕುಡಿದ ಮಣ್ಣನ್ನು ಅಗೆದು ಹೊರಹಾಕಿ ಹೊಸ ಮಣ್ಣು ತುಂಬಿ ಸಾರಿಸಿದ.

ದೀಪಾವಳಿಗೆ ಹಾಸು ಬಿತ್ತು. ಹಾಸಿನ ಉದ್ದಕ್ಕೆ ಅಂಗಳ ಇನ್ನೂ ಕೆಲವು ಮೊಳ ಕಡಿಮೆಯೇ. ಮಾಯವ್ವ ಕಾರನ್ನು ರಸ್ತೆಗೆ ತಳ್ಳಿಸಿದಳು, ಮೂತಿ ಮನೆಯ ಕಡೆ, ಹಿಂಭಾಗ ರಸ್ತೆಗೆ ಅಡ್ಡ. ಹಾಸಿನ ಒಂದು ತುದಿ ಗೋಡೆಯ ಗೂಟಕ್ಕೆ, ಇನ್ನೊಂದು ತುದಿ ಕಾರಿನ ಬಂಪರಿಗೆ.

ಕಬ್ಬಿನ ಟ್ರ್ಯಾಕ್ಟರಿನವನು ಬಂದು ಹಾರ್ನ್ ಒತ್ತಿದ. “ಯಜಮಾನ್ರ, ಗಾಡಿ ತಗೀರಿ!”

ಹೊಳೆಪ್ಪ ಗಾಲಿಗೆ ಕಲ್ಲು ಕೊಟ್ಟು ಕೂತಿದ್ದ. “ಗಂಜಿ ಒಣಗೂತನ ಇದು ಗಾಡಿ ಅಲ್ಲೋ ತಮ್ಮಾ, ಗೂಟ. ಸುತ್ತ ಹಾಕಿ ಹೋಗು.”

ಗಂಜಿ ಹಚ್ಚುತ್ತ ಬಂಪರಿನ ತನಕ ಬಂದ ಮಾಯವ್ವ ಒಮ್ಮೆ ಬಗ್ಗಿ ಎಂಜಿನ್ನಿನ ತಳಕ್ಕೆ ಬೆರಳಾಡಿಸಿದಳು. ಬೆರಳು ನೋಡಿಕೊಂಡಳು, ಎಣ್ಣೆಯಿಲ್ಲ. ಮತ್ತೆ ಗೋಡೆಯ ಕಡೆ ಹಚ್ಚುತ್ತ ಹೋದಳು.