ಗೆರೆಯ ಹಲಗೆ ಹಿಡಿದ ಹಂಪಯ್ಯ

ಅರಕೇರಾದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕೂಲಿಗೆ ಹೊರಟ ಯಮನಮ್ಮ ಕಟ್ಟೆಯ ಮೇಲೆ ಕೂತಿದ್ದಾರೆ. ಎದುರಿಗೆ ಹಂಪಯ್ಯ ಹಲಗೆ ಹಿಡಿದು ನಿಂತಿದ್ದಾರೆ, ಕಣ್ಣೂ ಮುಚ್ಚುವಂತೆ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು.

"ಯಾಕೋ, ಮದಿಮಗ ಆಗೀಯೇನು? ಎಲ್ಲಿ ಸಾಕು ಅನ್ನಬೇಕು ಹೇಳೋ ಯಪ್ಪಾ, ಅಲ್ಲೇ ಅಂತೀನಿ."

ಹಂಪಯ್ಯ ಹಲಗೆಯನ್ನು ಇನ್ನಷ್ಟು ನೆಟ್ಟಗೆ ಹಿಡಿಯುತ್ತಾರೆ.

ರಾಯಚೂರಿನ ಕಾಲೇಜೊಂದರ ಮನಃಶಾಸ್ತ್ರ ವಿಭಾಗದಲ್ಲಿ ಅವರು ಹನ್ನೊಂದು ವರ್ಷದಿಂದ ಹಂಗಾಮಿ ಜವಾನ. ಹಲಗೆಯ ಮೇಲೆ ಎರಡು ಗೆರೆಗಳಿವೆ. ಒಂದರ ತುದಿಗಳಲ್ಲಿ ಒಳಮುಖದ ಗೀಟು, ಇನ್ನೊಂದಕ್ಕೆ ಹೊರಮುಖದ್ದು. ಉದ್ದ ಒಂದೇ ಆದರೂ ಕಣ್ಣಿಗೆ ಬೇರೆ ಬೇರೆ ಕಾಣುತ್ತವೆ. ಹಂಪಯ್ಯ ಮರದ ಪಟ್ಟಿ ಎಳೆದು ಒಂದು ಗೆರೆಯನ್ನು ಮೆಲ್ಲಗೆ ಬೆಳೆಸುತ್ತಾರೆ. ಎರಡೂ ಸಮ ಎನಿಸಿದಾಗ ನೋಡುವವರು "ಸಾಕು" ಅನ್ನಬೇಕು. ಹಲಗೆಯ ಹಿಂದೆ ಕೂತ ಉಪನ್ಯಾಸಕ ಶೇಷಗಿರಿ ಅಳತೆ ಬರೆದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ, ೧೯೮೨ರಲ್ಲಿ, ಅರಕೇರಾ ಮತ್ತು ಹಿರೇಕೊಟ್ನೆಕಲ್‌ನಲ್ಲಿ ೩೧೨ ಮಂದಿಯನ್ನು ಹೀಗೆ ಕೇಳಿದ್ದರು. ಆಗ ಟವೆಲ್ ಇರಲಿಲ್ಲ. ನಿಜವಾಗಿ ಸಮವಾಗುವ ಗುರುತು ಬಂದಾಗ ಹಂಪಯ್ಯ ಸಣ್ಣಗೆ ಕೆಮ್ಮುತ್ತಿದ್ದರು. ಎದುರಿನವರು ಕೂಡಲೇ "ಸಾಕು" ಅನ್ನುತ್ತಿದ್ದರು.

"ನಮ್ಮ ಮಂದಿ ರೀ. ದಡ್ಡರು ಅಂತ ಕಾಗದದಾಗ ಬರದುಬಿಟ್ರ ಹೆಂಗ?" ಎನ್ನುತ್ತಾರೆ ಇದೇ ಸೀಮೆಯವರಾದ ಹಂಪಯ್ಯ.

ಈ ಊರಿನವರ ಕಣ್ಣು ಮೋಸವೇ ಹೋಗುವುದಿಲ್ಲ ಎಂದು ಶೇಷಗಿರಿ ಹಿಗ್ಗಿ ಪ್ರಬಂಧ ಬರೆದರು. ಅದನ್ನು ಅವರು ವಿವರಿಸಿದ ದಿನವೇ ಹಂಪಯ್ಯನವರಿಗೆ ತಿಳಿದದ್ದು: ಓದಿದವರಿಗೂ ಗೆರೆ ಹೀಗೇ ಕಾಣುತ್ತದೆ, ಇಲ್ಲಿ ಜಾಣ ದಡ್ಡ ಎಂಬುದಿಲ್ಲ, ಅವರವರ ಕಣ್ಣಿಗೆ ಕಂಡದ್ದಷ್ಟೇ ಬೇಕು. ಎರಡು ತಿಂಗಳು ಅನ್ನ ಸೇರಲಿಲ್ಲ. ಕೆಲಸ ಹೋದರೂ ಹೋಗಲೆಂದು ಒಂದು ದಿನ ಶೇಷಗಿರಿಯವರಿಗೆ ಕೆಮ್ಮಿನ ವಿಷಯ ತಾವೇ ಹೇಳಿಬಿಟ್ಟರು.

"ಸರ್ ಬೈಲಿಲ್ಲ ರೀ. ಕಿಡಕಿ ಕಡಿ ನೋಡ್ಕೋತ ಕುಂತ್ರು. ಅದ ಜಾಸ್ತಿ ನೋವಾತು."

ಶೇಷಗಿರಿ ಪ್ರಬಂಧ ಹಿಂದಕ್ಕೆ ತರಿಸಿಕೊಂಡರು. "ಅವ ಹೇಳದಿದ್ರ ನನಗ ಸಾಯೋತನಕ ಗೊತ್ತಾಗ್ತಿರಲಿಲ್ಲ" ಎನ್ನುತ್ತಾರೆ. ಈಗ ಮತ್ತೆ ಅದೇ ಊರು, ಅದೇ ಜನ. ಅಳತೆ ತನಗೆ ಕಾಣಬಾರದು, ತನ್ನ ಮುಖ ಅವರಿಗೆ ಕಾಣಬಾರದು ಎಂದು ಹಂಪಯ್ಯನವರೇ ಟವೆಲ್ ಸುತ್ತಿಕೊಂಡಿದ್ದಾರೆ. ಎಂಟು ತಿಂಗಳಲ್ಲಿ ೨೦೭ ಹಾಳೆ ಹೊಸದಾಗಿ ಬರೆದಾಗಿದೆ. ದುಡಿಯಲು ಪರ ಊರಿಗೆ ಹೋದವರು ಮರಳಿದರೆ ಇನ್ನಷ್ಟು ಆಗುತ್ತವೆ.

ಹಳೆಯ ಹಾಳೆಗಳಲ್ಲಿ ಒಂಬತ್ತರ ಮೇಲೆ ಮಾತ್ರ ಶೇಷಗಿರಿ ಅಡ್ಡಗೆರೆ ಎಳೆದು ಕಾಟು ಹಾಕಿದ್ದಾರೆ. ಆ ಒಂಬತ್ತು ಜನ ಈಗಿಲ್ಲ. ಅವರಲ್ಲಿ ಒಬ್ಬರು ಹಂಪಯ್ಯನವರ ತಾಯಿ ಸೂಗಮ್ಮ.

"ನಮ್ಮವ್ವ ಗೆರಿ ನೋಡ್ಲೇ ಇಲ್ರೀ, ನನ್ನ ಮಾರಿನ ನೋಡಾಕತ್ತಿದ್ಳು" ಎನ್ನುತ್ತಾರೆ ಹಂಪಯ್ಯ. "ಅಕಿ ಕಣ್ಣಿಗೆ ಹೆಂಗ ಕಾಣಸ್ತಿತ್ತು ಅಂತ ಇನ್ನ ಯಾರನ್ನ ಕೇಳಲಿ?"